ಬಾಲ್ಕನಿಯಲ್ಲಿ ಕಟ್ಟಿದ ಯುದ್ಧವಿಮಾನ

ಮನೆಗೆ ಆಕ್ಸಿಜನ್ ಯಂತ್ರ ತರಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ ದಿನ ಮಾಮ ಕೇಳಿದ ಮೊದಲ ಪ್ರಶ್ನೆ, ಅದನ್ನಿಟ್ಟ ಕೋಣೆಯಲ್ಲಿ ಅಂಟು, ಬಣ್ಣದ ಥಿನ್ನರ್ ಬಳಸಬಹುದೇ ಎಂಬುದು. ಬೇಗ ಬೆಂಕಿ ಹತ್ತಿಕೊಳ್ಳುವ ಯಾವುದೂ ಯಂತ್ರದ ಹತ್ತಿರ ಬರಕೂಡದು, ಅದರ ಘಾಟಂತೂ ನಿಮಗೆ ವಿಷ ಎಂದರು ಡಾಕ್ಟರು. ಮಾಮ ತಲೆಯಾಡಿಸಿದರು. ಪಕ್ಕದ ಕುರ್ಚಿಯಲ್ಲಿ ಅತ್ತೆ ಫೈಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು.

ಮಾಮ ಎಂದರೆ ನನ್ನ ತಾಯಿಯ ತಮ್ಮ. ರಾಯಚೂರಿನಿಂದ ಹಲ್ಲಿನ ಡಾಕ್ಟರಿಕೆ ಓದಲು ಹೈದರಾಬಾದಿಗೆ ಬಂದು ಇಲ್ಲೇ ಉಳಿದವರು. ದಿಲ್‌ಸುಖ್‌ನಗರದಲ್ಲಿ ಕ್ಲಿನಿಕ್ ಇತ್ತು, ಅದರ ಹಿಂದಿನ ಬೀದಿಯಲ್ಲೇ ಮನೆ. ಮಾಮ, ಅತ್ತೆ ಇಬ್ಬರೇ, ಮಕ್ಕಳಿರಲಿಲ್ಲ. ಸಂಜೆ ಕ್ಲಿನಿಕ್ ಮುಚ್ಚಿ ಬಂದರೆ ಮೇಜಿನ ಮುಂದೆ ಕೂತು ಪ್ಲಾಸ್ಟಿಕ್ ಬಿಡಿಭಾಗಗಳಿಂದ ಹಳೆಯ ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಕಟ್ಟುತ್ತಿದ್ದರು. ನಾನು ಗಚ್ಚಿಬೌಲಿಯಲ್ಲಿ ಕೆಲಸಕ್ಕಿದ್ದೆ. ಈ ಊರಿನಲ್ಲಿ ಅವರಿಗೆ ರಕ್ತಸಂಬಂಧಿ ಅಂತ ಇದ್ದವಳು ನಾನೊಬ್ಬಳೇ.

ಆ ದಿನ ಆಸ್ಪತ್ರೆಯಲ್ಲಿ ಇನ್ನೊಂದು ಮಾತೂ ಬಂತು. ಶ್ವಾಸಕೋಶದ ಒಳಗೆಲ್ಲ ಗಾಯ ಮಾಗಿದ ಕಲೆಗಳಂತೆ ಗಟ್ಟಿಯಾಗಿದೆ, ಇದು ಹಿಂದಕ್ಕೆ ಸರಿಯುವ ಕಾಯಿಲೆ ಅಲ್ಲ ಎಂದ ಡಾಕ್ಟರು, ನೀವು ಧೂಳಿನಲ್ಲಿ ಕೆಲಸ ಮಾಡಿದವರೇ ಎಂದು ಕೇಳಿದರು. ಕ್ಲಿನಿಕ್ಕಿನಲ್ಲಿ ಕಟ್ಟುಹಲ್ಲು ಉಜ್ಜುತ್ತಿದ್ದೆ ಎಂದರು ಮಾಮ. ಮನೆಯಲ್ಲಿ? ಮನೆಯಲ್ಲೂ ಎಂದರು ಮಾಮ. ವಿಮಾನದ ಭಾಗಗಳನ್ನು ಅಂಟಿಸಿದ ಗೆರೆ ಕಾಣದಂತೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜುವುದು ಅವರ ದಿನನಿತ್ಯದ ಕೆಲಸ. ಹಗಲೆಲ್ಲ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಸಾಕಾಗಿ ಮನೆಯಲ್ಲಿ ಕಟ್ಟಿಕೊಳ್ಳುತ್ತಿರಲಿಲ್ಲ. ಅದರಿಂದಲೇ ಬಂತೇ ಎಂದು ನಾನು ಕೇಳಿದೆ. ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಮನೆ ಮುಟ್ಟಿದ ಮೇಲೆ ಅತ್ತೆ ಪೊರಕೆ ತಗೊಂಡು ಮಾಮನ ಮೇಜಿನ ಕೆಳಗೆ ಗುಡಿಸಿದರು.

ಆಗ ಮೇಜಿನ ಮೇಲೆ ಅರ್ಧಕ್ಕೆ ನಿಂತಿದ್ದದ್ದು ಜರ್ಮನರ ಒಂದು ವಿಮಾನ. ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ಹಾರಿ, ಬಾಂಬು ಹಾಕಲು ಬರುವ ವಿಮಾನಗಳನ್ನು ಕತ್ತಲಲ್ಲಿ ಹುಡುಕಿ ಹೊಡೆಯುತ್ತಿದ್ದದ್ದು. ಎರಡು ಎಂಜಿನ್, ಉದ್ದ ಮೈ, ಮೂತಿಯಿಂದ ಮುಂದಕ್ಕೆ ಚಾಚಿದ ರಾಡಾರಿನ ಕೊಂಬುಗಳು. ಅದಕ್ಕೆ ಅವರ ಭಾಷೆಯಲ್ಲಿ ಗೂಬೆ ಅಂತ ಅಡ್ಡಹೆಸರು. ಮಾಮ ಅದನ್ನೊಮ್ಮೆ ನಗುತ್ತ ಹೇಳಿದ್ದೇ ತಪ್ಪಾಗಿತ್ತು. “ಮನ್ಯಾಗ ಗೂಬಿ ತಂದಿಟ್ಕೊಂಡು ಕುಂತಾರ ನೋಡು ನಿಮ್ಮ ಮಾಮ” ಎಂದು ಅತ್ತೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕಾಯಿಲೆ ಬಂದ ಮೇಲೆ ಆ ಮಾತು ನಿಂತುಹೋಯಿತು.

ಯಂತ್ರ ಬಂದ ವಾರ ಮಾಮ ನನಗೆ ಫೋನು ಮಾಡಿದರು. “ಅದನ್ನ ನೀ ಮುಗಸ್ತೀಯೇನವಾ?”

“ನನಗೇನ್ ಬರ್ತೈತ್ರಿ ಮಾಮಾ ಅದು?”

“ಕೈ ಅದಾವಲ್ಲ. ನಾ ಹೇಳ್ತೀನಿ, ನೀ ಮಾಡು.”

ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಭಾನುವಾರ ರಾಯದುರ್ಗದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ದಿಲ್‌ಸುಖ್‌ನಗರದಲ್ಲಿ ಇಳಿಯುವುದು ರೂಢಿಯಾಯಿತು. ಮೇಜನ್ನು ಬಾಲ್ಕನಿಗೆ ಸಾಗಿಸಿದೆವು. ನಡುವೆ ಗಾಜಿನ ಬಾಗಿಲು. ಒಳಗೆ ಮೂಗಿಗೆ ನಳಿಕೆ ಹಾಕಿಕೊಂಡು ಮಾಮ, ಹೊರಗೆ ಪಾರಿವಾಳ ಬರದಂತೆ ಕಟ್ಟಿದ ಬಲೆಯ ಒಳಗೆ ಮಾಸ್ಕ್ ಕಟ್ಟಿಕೊಂಡು ನಾನು. ಅವರ ದನಿ ಗಾಜು ದಾಟಿ ಬರುತ್ತಿರಲಿಲ್ಲ. ಅದಕ್ಕೆ ಒಂದು ಮಾರು ದೂರದಲ್ಲಿ ಕೂತೇ ಫೋನಿನಲ್ಲಿ ಮಾತಾಡುತ್ತಿದ್ದೆವು.

ಮಾಮ ಒಳ್ಳೆಯ ಗುರು ಆಗಿರಲಿಲ್ಲ. ಉಸಿರು ಸಾಲದೆ ಅವರ ಮಾತು ಮೊಟಕಾಗಿತ್ತು, ಮೊಟಕಾದಷ್ಟೂ ಒರಟಾಗಿತ್ತು. “ಗಾಜಿಗೆ ಹತ್ರ ಹಿಡಿ. ಸೊಟ್ಟ ಐತಿ. ಕಿತ್ತು.” ನಾನು ಕಿತ್ತು ಮತ್ತೆ ಅಂಟಿಸುವೆ. “ಅಂಟು ಭಾಳ ಆತು. ಒರಸು.” ತಿಳಿಬೂದು ಮೈಮೇಲೆ ಕಡುಬೂದು ಬಣ್ಣವನ್ನು ಸಣ್ಣ ಸ್ಪ್ರೇ ಗನ್ನಿನಿಂದ ಮೋಡದ ಹಾಗೆ ಚುಕ್ಕೆ ಚುಕ್ಕೆಯಾಗಿ ಊದಬೇಕಿತ್ತು. ನಾನು ಊದಿದ್ದು ಬಟ್ಟೆಗೆ ಮಸಿ ಚೆಲ್ಲಿದಂತೆ ಕಂಡಿತು. ಪೂರ್ತಿ ಅಳಿಸಿ ಹೊಸದಾಗಿ ಮಾಡು ಎಂದರು. ಎರಡನೇ ಸಲವೂ ಅಳಿಸಿಸಿದರು. ಆ ಸಂಜೆ ಮೆಟ್ರೋದಲ್ಲಿ ನಿಂತು ನಾನು ಸಿಟ್ಟಿಗೆ ಅತ್ತುಬಿಟ್ಟೆ. ಸಾಯುತ್ತಿರುವ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂಥ ಸಂಕಟ ಎಂಬುದು ನನಗೆ ಗೊತ್ತಿರಲಿಲ್ಲ.

“ಇದನ್ನ ಯಾಕ್ ಆರಿಸ್ಕೊಂಡ್ರಿ ಮಾಮಾ?” ಎಂದು ಒಮ್ಮೆ ಕೇಳಿದೆ.

“ಚುಕ್ಕಿ ಬಣ್ಣ ಭಾಳ ಕಠಿಣ. ಅದಕ್ಕ.” ಅವರೇ ಮುಂದುವರಿಸಿದರು. “ಬೆನ್ನಾಗಿನ ತೂತು ನೋಡು. ಬಂದೂಕು ಮ್ಯಾಲಕ್ಕ ಮುಖ ಮಾಡಿರ್ತಾವ. ದೊಡ್ಡ ವಿಮಾನದ ಹೊಟ್ಟಿ ಕೆಳಗ ಹೋಗಿ ಹೊಡೀತಿತ್ತು. ಒಳಗಿದ್ದ ಹುಡುಗ್ರಿಗೆ ಗೊತ್ತಾಗೂದ್ರಾಗ ಬೆಂಕಿ.”

“ಹಂಗಾರ ಇದನ್ನ ಶೋಕೇಸಿನ್ಯಾಗ ಇಡೂದು…”

“ಗೊತ್ತೈತಿ” ಎಂದರು ಮಾಮ. ಆಮೇಲೆ ಕೆಮ್ಮು ಬಂದು ಮಾತು ಅಲ್ಲಿಗೇ ನಿಂತಿತು.

ಮಳೆಗಾಲದ ಒಂದು ಭಾನುವಾರ ಹೋದಾಗ ನಡುಮನೆಯ ಅಲಮಾರು ಖಾಲಿ ಇತ್ತು. ಮಾಮ ವರ್ಷಗಟ್ಟಲೆ ಕೂಡಿಸಿಟ್ಟಿದ್ದ, ಇನ್ನೂ ತೆರೆಯದ ವಿಮಾನದ ಡಬ್ಬಿಗಳೆಲ್ಲ ಅಲ್ಲಿರುತ್ತಿದ್ದವು. ಅತ್ತೆ ಅವನ್ನು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು. ಮಾಮ ಮಂಚದ ಮೇಲೆ ಕೂತೇ ಇದ್ದರಂತೆ. ಅವರ ನಳಿಕೆ ಬಚ್ಚಲಿನವರೆಗೆ ಮುಟ್ಟುತ್ತಿತ್ತು, ನಡುಮನೆಗೆ ಮುಟ್ಟುತ್ತಿರಲಿಲ್ಲ. ಚೀಲ ಎಳೆದುಕೊಂಡು ಹೋಗುವ ಸದ್ದು ಕೇಳಿಯೂ ಬೇಡ ಎನ್ನಲಿಲ್ಲವಂತೆ. ಕಟ್ಟಬೇಕಾದವುಗಳಲ್ಲಿ ಉಳಿದದ್ದು ಬಾಲ್ಕನಿಯಲ್ಲಿದ್ದ ಒಂದೇ.

ನಾನು ಅಡುಗೆಮನೆಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

“ಹಿಂಗ್ಯಾಕ್ ಮಾಡಿದ್ರಿ ಅತ್ತಿ? ಅವ್ರು ಇನ್ನೂ ಅದಾರಲ್ಲ.”

ಅತ್ತೆ ಕೈ ನಿಲ್ಲಿಸಲಿಲ್ಲ. “ಸಿಟ್ಟು ಬಂತೇನು? ಬರ್ಲಿ. ಆ ರೂಮಿನ ಧೂಳು ದಿನಾ ಮುಂಜಾನಿ ಗುಡಿಸಾಕಿ ಯಾರು? ನಾನು. ಮದುವ್ಯಾಗಿ ಬಂದಾಗಿಂದ ಗುಡಿಸೀನಿ. ದವಾಖಾನ್ಯಾಗ ಅವ್ರು ಧೂಳು ಅಂದ್ರು. ನೀ ಇದ್ದಿ, ನಿಮ್ಮ ಮಾಮ ಇದ್ರು, ಡಾಕ್ಟ್ರು ಇದ್ರು. ಆ ಧೂಳು ನಿನ್ನ ಎದಿಗೂ ಹೊಕ್ಕೇತೇನು ಅಂತ ನನ್ನ ಒಬ್ರರೆ ಕೇಳಿದ್ರೇನು?”

ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಅವರ ಕೈಯಿಂದ ಹಿಟ್ಟು ತಗೊಂಡು ಮಿಕ್ಕ ರೊಟ್ಟಿ ನಾನು ಬಡಿದೆ, ಅವರು ಕಟ್ಟೆಗೆ ಒರಗಿ ನಿಂತರು.

ಊಟದ ಮೇಲೆ ಮಾಮನ ಮಂಚದ ಹತ್ತಿರ ಕೂತು ಎಲ್ಲ ಹೇಳಿದೆ. ಅವರು ಯಂತ್ರದ ಕಡೆ ಮುಖ ತಿರುಗಿಸಿದರು. “ಹೊಳಿಲೇ ಇಲ್ಲ ನನಗ” ಎಂದರು. ಮತ್ತೆ, “ನಾಳೆ ರಜಾ ಹಾಕು. ಆಕಿನ್ನ ಕರ್ಕೊಂಡು ಹೋಗಿ ಎದಿ ಫೋಟೋ ತೆಗಸು” ಎಂದರು.

ಮರುದಿನ ಆಸ್ಪತ್ರೆಗೆ ಹೋದೆವು. ಅತ್ತೆ ಹೋಗುವಾಗ ರೇಷ್ಮೆ ಸೀರೆ ಉಟ್ಟಿದ್ದರು, ಯಾಕೆಂದು ನಾನು ಕೇಳಲಿಲ್ಲ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಸುದ್ದಿ ಕೇಳಿ ಮಾಮ ಕಣ್ಣು ಮುಚ್ಚಿಕೊಂಡರು. ಅತ್ತೆ ಅವರ ಕಾಲ ಬಳಿ ಕೂತು, “ಡಬ್ಬಿ ಕೊಟ್ಟಿದ್ದು ತಪ್ಪಾತೇನ್ರಿ?” ಎಂದು ಕೇಳಿದರು. ಮಾಮ ಇಲ್ಲ ಎಂಬಂತೆ ಕೈ ಆಡಿಸಿದರು. ಅವರಿಬ್ಬರ ನಡುವೆ ಅದು ರಾಜಿಯೋ ಬರೀ ದಣಿವೋ, ನನಗೆ ಇವತ್ತಿಗೂ ತಿಳಿಯದು.

ಮೂರನೇ ಸಲ ಊದಿದ ಬಣ್ಣ ಸುಮಾರಾಗಿ ಬಂತು. ಗಾಜಿಗೆ ಹಿಡಿದು ತೋರಿಸಿದೆ. ಮಾಮ ಫೋನು ಎತ್ತಲಿಲ್ಲ, ಬೆರಳಿನಿಂದಷ್ಟೇ ತಿರುಗಿಸು ಎಂದು ಸನ್ನೆ ಮಾಡಿದರು. ತಿರುಗಿಸಿದೆ. ಕೊಂಬುಗಳನ್ನು ಅಂಟಿಸುವುದು ಬಾಕಿ ಇತ್ತು. ಅವು ಕೂದಲಿನಷ್ಟು ಸಪೂರ, ಕೊನೆಗೆ ಅಂಟಿಸದಿದ್ದರೆ ಕೈ ತಾಗಿ ಮುರಿಯುತ್ತವೆ. ಮುಂದಿನ ವಾರ ಮಾಡೋಣ ಎಂದುಕೊಂಡೆವು. ಆ ವಾರದ ನಡುವೆ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಯಂತ್ರದ ಗಾಳಿ ಸಾಲದಾಗಿತ್ತು. ಐಸಿಯುವಿನಲ್ಲಿ ಮುಖಕ್ಕೆ ಬಿಗಿದ ಆಕ್ಸಿಜನ್ ಮಾಸ್ಕಿನೊಳಗಿಂದ ಏನೋ ಹೇಳಲು ನೋಡಿದರು. ನಾನು ಬಗ್ಗಿದೆ, ಅತ್ತೆಯೂ ಬಗ್ಗಿದರು. ಇಬ್ಬರಿಗೂ ಅರ್ಥವಾಗಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಬಾಲ್ಕನಿಯಲ್ಲಿ ಕೂತು ಕೊಂಬುಗಳನ್ನು ಅಂಟಿಸಲು ನೋಡಿದೆ. ಕಿತ್ತು, ಒರಸು ಎನ್ನುವವರು ಇರಲಿಲ್ಲ. ಎರಡು ಸರಿಯಾಗಿ ಕೂತವು. ಮೂರನೆಯದು ಚಿಮಟಿಗೆಯಿಂದ ಸಿಡಿದು ಬಲೆಯ ಆಚೆ ಬೀದಿಗೆ ಹೋಯಿತು. ಕೆಳಗಿಳಿದು ಹುಡುಕಿದೆ. ಕೋಚಿಂಗ್ ಕ್ಲಾಸಿನ ಮಕ್ಕಳು ಸಾಲುಸಾಲಾಗಿ ನಡೆದುಹೋಗುತ್ತಿದ್ದರು, ಅವರ ಕಾಲುಗಳ ನಡುವೆ ಏನೂ ಕಾಣಲಿಲ್ಲ. ಮೇಲೆ ಬಂದಾಗ ಅತ್ತೆ ಮೇಜಿನ ಮುಂದೆ ನಿಂತು ವಿಮಾನವನ್ನು ಮೊದಲ ಸಲ ಹತ್ತಿರದಿಂದ ನೋಡುತ್ತಿದ್ದರು.

“ತಗೊಂಡು ಹೋಗವಾ ಇದನ್ನ” ಎಂದರು. “ನನ್ನ ಕಣ್ಣಿಗೆ ಬ್ಯಾಡ. ಆದರ ಒಗೀಬ್ಯಾಡ.”

ತಗೊಂಡು ಬಂದೆ. ಕೊಂಬು ಕಡಿಮೆ ಇರುವ ಆ ವಿಮಾನ ಗಚ್ಚಿಬೌಲಿಯ ನನ್ನ ರೂಮಿನ ಕಪಾಟಿನ ಮೇಲಿದೆ. ಅದರ ಮೇಲೆ ಧೂಳು ಕೂರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.