ನಮ್ಮ ಮನೆ ದಾಟಿ ಹೋದ ಮಾತೆ

ಅನಿತಾ, ವಿನ್ಸೆಂಟ್, ಇದು ನಿಮ್ಮಿಬ್ಬರಿಗಾಗಿ. ಮೊನ್ನೆ ಸಂಜೆ ನಿಮ್ಮ ಅವ್ವ ಮಂಡಕ್ಕಿ ತೊಯಿಸಿ ಮಂಡಾಳ ಒಗ್ಗರಣೆ ಮಾಡುತ್ತಿದ್ದಳು. ಹಸಿಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೆ ಆ ಘಾಟು ಪಡಸಾಲೆ ತುಂಬಿತು. ನೀವು ತಟ್ಟೆ ಹಿಡಿದು ಓಡಿದಿರಿ, ನಾನು ಎದ್ದು ಬಾಗಿಲಿಗೆ ಹೋಗಿ ನಿಂತೆ. "ಯಾಕಜ್ಜಿ, ಖಾರ ಹತ್ತಿತೇನು?" ಎಂದು ಅನಿತಾ ಕೇಳಿದಳು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು.

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದೊಡ್ಡವ್ವ ಇದ್ದಳು. ರಕ್ತಸಂಬಂಧ ಏನೂ ಇಲ್ಲ, ಓಣಿಗೆಲ್ಲ ಅವಳು ದೊಡ್ಡವ್ವ. ಗಬ್ಬೂರಿನಿಂದ ಸೊಸೆಯಾಗಿ ಬಂದವಳು. ಹತ್ತಿ ಬಿಡಿಸಲು ಹೋಗುವ ಹೆಂಗಸರಿಗೆ ಅವಳೇ ಮುಂದಾಳು. ಶನಿವಾರ ಮಾತ್ರ ಬೇಗ ಬಂದು, ಮೈ ತೊಳೆದು, ಗುಡಿಯ ಪೀಠಕ್ಕೆ ಹೂವು ಇಡಲು ಹೋಗುತ್ತಿದ್ದಳು. ಚರ್ಚಿಗೆ ನಾವು ಗುಡಿ ಎಂದೇ ಅನ್ನುತ್ತಿದ್ದೆವು. ಚೆಂಡುಹೂವು ಸಿಕ್ಕರೆ ಚೆಂಡುಹೂವು, ಏನೂ ಸಿಗದಿದ್ದರೆ ಬೇವಿನ ಸೊಪ್ಪು... ಅವಳ ಬಾಯಿ ಬಲು ಜೋರು. ನಾನು ಅವಳಿಗೆ ಹೆದರಿ, ಅವಳು ಬಾವಿಗೆ ಬಂದು ಹೋದ ಮೇಲೆ ನೀರಿಗೆ ಹೋಗುತ್ತಿದ್ದೆ.

ನಿಮ್ಮ ತಾತ ತೀರಿಕೊಂಡದ್ದು ಮಳೆಗಾಲ ಮುಗಿಯುವಾಗ. ಹಿಂದೆಯೇ ಅಕ್ಟೋಬರ್ ಬಂತು, ಮಣಿ ಎಣಿಸಿ ಪ್ರಾರ್ಥಿಸುವ ಜಪಸರದ ತಿಂಗಳು. ಆ ತಿಂಗಳು ಏಸುವಿನ ತಾಯಿ ಮರಿಯಮ್ಮನ ಪ್ರತಿಮೆ ದಿನಾ ಸಂಜೆ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುತ್ತದೆ. ಓಣಿಯವರೆಲ್ಲ ಮೇಣದಬತ್ತಿ ಹಿಡಿದು ಹಾಡುತ್ತ ತರುತ್ತಾರೆ. ಆ ಮನೆಯಲ್ಲಿ ಜಪ, ಆಮೇಲೆ ಮಂಡಾಳ, ಚಹಾ. ನಮ್ಮ ಸರದಿಯ ದಿನ ನಾನು ನೆಲ ಸಾರಿಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮಂಡಾಳ ಮಾಡಿಟ್ಟು ಕಾದೆ. ಗಂಡ ಹೋದ ಮೇಲೆ ನನ್ನ ಮನೆಗೆ ಯಾರೂ ಬಂದಿರಲಿಲ್ಲ. ಇವತ್ತು ಬರುತ್ತಾರೆ, ಬಂದೇ ಬರುತ್ತಾರೆ ಎಂದುಕೊಂಡಿದ್ದೆ.

ಹಾಡು ಹತ್ತಿರವಾಯಿತು. ಬಾಗಿಲ ಮುಂದೆಯೇ ಹಾದುಹೋಯಿತು. ಕೆಲವು ಹೆಂಗಸರು ಸೆರಗು ಮುಂದಕ್ಕೆಳೆದು ತಲೆ ಬಗ್ಗಿಸಿದರು. ನಿಮ್ಮ ಅವ್ವ ಆಗ ಸಣ್ಣವಳು. ಹೊರಗೆ ಓಡಿಹೋಗಿ ಬಂದು ಹೇಳಿದಳು: "ಯವ್ವಾ, ಮರಿಯಮ್ಮ ಮುಂದ ಹೋದ್ಲು."

ಮುಂದಿನ ಮನೆ ದೊಡ್ಡವ್ವನದು. ಹೊಲದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ನಾನು ಕದದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಸರದಿ ನೋಡಿಕೊಳ್ಳುತ್ತಿದ್ದ ಓಣಿಯ ಹಿರಿಯ ಹೇಳಿದ:

"ದೊಡ್ಡವ್ವ, ದೀಪ ಹಚ್ರಿ. ಇವತ್ತ ತಾಯಿ ನಿಮ್ಮ ಮನಿಗೇ ಬಂದಾಳ."

"ನಂದು ನಾಳಿಗಿಲ್ಲೇನೋ? ಇವತ್ತ ಆಕಿ ಮನೀದು."

"ಗಂಡ ಸತ್ತ ಹೊಸ್ತು. ಅಂಥ ಮನಿಗೆ ಯಾಕ? ಮಂದಿ ಬ್ಯಾಡ ಅಂತಾರ. ಮುಂದಿನ ವರ್ಷ ನೋಡೋಣು."

"ಯಾವ ಮಂದಿ? ಹೆಸರು ಹೇಳು."

ಹಿರಿಯ ಹಿಂದಿದ್ದವರ ಕಡೆ ತಿರುಗಿ ನೋಡಿದ.

"ಮರಿಯಮ್ಮನ ಗಂಡ ಜೋಸೆಪ್ಪ ಸತ್ತ ಮ್ಯಾಲ ಈ ತಾಯಿ ಏನು ಮುತ್ತೈದಿ ಆಗಿ ಉಳದಿದ್ಲೇನು? ಈಕಿನೂ ಗಂಡ ಸತ್ತಾಕಿನೇ! ಹಂಗಿದ್ರ ಈಕಿನ್ನೂ ಗುಡಿಯಿಂದ ಹೊರಗ ಇಡು. ಮುತ್ತೈದಿ ತಾಯಿನೇ ಬೇಕಂದ್ರ ಬ್ಯಾರೆ ಹುಡುಕ್ಕೊಂಡು ಬಾ, ನಡಿ!"

ಯಾರೋ ಒಬ್ಬಳು ಕಿಸಕ್ಕೆಂದಳು. ಹಿರಿಯನಿಗೆ ಅದರಿಂದ ಇನ್ನಷ್ಟು ಉರಿಯಿತು. "ಫಾದರ್‌ಗೆ ಹೇಳಬೇಕಾಗ್ತದ, ನೋಡು."

"ಹೇಳು. ಕಾಲು ತೊಳಕೊಂಡೀನಿ, ನಾನೂ ಬರ್ತೀನಿ."

ಅವನ ಕೈಯಿಂದ ಪ್ರತಿಮೆ ತೆಗೆದುಕೊಂಡು, ಕೂಸನ್ನು ಎತ್ತಿಕೊಂಡಂತೆ ಎದೆಗವಚಿ ನಮ್ಮ ಮನೆಗೆ ಬಂದಳು. ನಾನು ಅಳುತ್ತಿದ್ದೆ. "ಅಳೋದು ಆಮ್ಯಾಲ. ಮಂಡಾಳ ಮೆತ್ತಗಾಗಾಕತ್ತಾವ. ಮಲ್ಲಟದ ಸಾಲ್ಯಾಗ ಓದು ಕಲ್ತೀ ಹೌದಿಲ್ಲೋ? ಜಪ ನೀನೇ ನಡಸು," ಅಂದಳು. ನಾನು ಬಾಯಿ ತೆರೆದರೆ ಧ್ವನಿಯೇ ಇಲ್ಲ. "ಕೇಳವಲ್ದು! ಜೋರು!" ಎಂದು ಗದರಿದಳು. ಅರ್ಧ ಜನ ಹಿರಿಯನ ಹಿಂದೆ ಹೊರಟುಹೋದರು. ಉಳಿದವರು ನೆಲದ ಮೇಲೆ ಕುಳಿತು ನನ್ನ ನಡುಗುವ ದನಿಗೆ ಮರುದನಿ ಕೊಟ್ಟರು. ಮಂಡಾಳ ತಿಂದು, ಉಪ್ಪು ಕಡಿಮೆ ಎಂದು ಆಡಿಕೊಂಡರು. ಮರುದಿನ ಮುಂಜಾನೆ ಹತ್ತಿ ಬಿಡಿಸಲು ಹೋಗುವವರು ನನ್ನ ಬಾಗಿಲ ಮುಂದೆಯೂ ನಿಂತು, ಕೆಲಸಕ್ಕೆ ಬಾ ಎಂದು ಕೂಗಿದರು. ನಿಮ್ಮ ಅವ್ವನಿಗೆ ಜ್ವರ ಬಂದಾಗ ಯಾರಾದರೊಬ್ಬರು ಬಂದು ಕೂರುತ್ತಿದ್ದರು. ಭಾನುವಾರ ಪೂಜೆಯಲ್ಲಿ ಬೈಬಲಿನ ವಾಚನ ಓದುವುದಕ್ಕೂ ನನ್ನನ್ನು ಕರೆದರು. ನನಗೆ ಮಂದಿ ಸಿಕ್ಕದ್ದು ಹೀಗೆ.

ಆದರೆ ದೊಡ್ಡವ್ವನಿಗೆ ಏನಾಯಿತು, ಅದನ್ನೂ ಕೇಳಿ. ಫಾದರ್ ಆ ಸಂಜೆ ಊರಲ್ಲಿರಲಿಲ್ಲ, ಬಾಗಲವಾಡದ ಕಡೆ ಹೋಗಿದ್ದರು. ಬಂದ ಮೇಲೆ ಇಬ್ಬರನ್ನೂ ಕರೆದು, ಪರಸ್ಪರ ಕ್ಷಮೆ ಕೇಳಿಕೊಳ್ಳಿ ಅಂದರು. ಇಬ್ಬರೂ ಒಂದೇ ತಪ್ಪು ಮಾಡಿದವರ ಹಾಗೆ! ದೊಡ್ಡವ್ವ ಕ್ಷಮೆ ಕೇಳಲಿಲ್ಲ. ಆ ಶನಿವಾರದಿಂದ ಪೀಠದ ಹೂವು ಹಿರಿಯನ ಮನೆಯವರ ಪಾಲಾಯಿತು. ಅವಳು ಭಾನುವಾರ ಬಂದು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು, ಪೀಠದ ಕಡೆ ನೋಡುತ್ತಿರಲಿಲ್ಲ. ನನ್ನ ಮುಂದೆ ಆ ಮಾತು ಒಮ್ಮೆಯೂ ಎತ್ತಲಿಲ್ಲ. ಹೂವಿನ ಸೇವೆ ನನ್ನಿಂದಾಗಿ ಹೋಯಿತು ಎಂದು ನನಗೆ ಅನ್ನಿಸಬಾರದಲ್ಲ... ವಯಸ್ಸಾಗಿ ಕೈಲಾಗದಂತಾದಾಗ ಅವಳನ್ನು ಅವಳ ತಮ್ಮನ ಮಗ ಗಬ್ಬೂರಿಗೆ ಕರೆದುಕೊಂಡು ಹೋದ. ಈ ಬೇಸಿಗೆಯಲ್ಲಿ ಅಲ್ಲೇ ಕಣ್ಣು ಮುಚ್ಚಿದಳು.

ಹೋದ ವಾರ ಮಾನ್ವಿಯಲ್ಲಿ ಅವಳ ಹೆಸರಿನಲ್ಲಿ ಪೂಜೆ ಇಡಿಸಿದ್ದರು. ನಾನು ಇಲ್ಲಿ ರಾಯಚೂರಿನಿಂದ ಬೆಳಗಿನ ಬಸ್ಸಿಗೆ ಹೋದೆ. ಪೂಜೆ ಮುಗಿದ ಮೇಲೆ ಮೈಕು ಹಿಡಿದವನು ಅದೇ ಹಿರಿಯ. ಈಗ ಹಣ್ಣು ಮುದುಕ. "ಆ ತಾಯಿ ಬಹಳ ಸೌಮ್ಯ ಸ್ವಭಾವದಾಕಿ. ಯಾರಿಗೂ ಎದುರು ಮಾತಾಡಿದಾಕಿ ಅಲ್ಲ," ಅಂದ. ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದಾಗ ಅವನ ಮುಂದೆ ಹೋಗಿ ನಿಂತೆ.

"ಯಪ್ಪಾ, ಆಕಿ ನಿಮಗ ಬೈದದ್ದು ನಾ ಕೇಳೀನಿ. ಯಾಕ ಬೈದ್ಲು ಅನ್ನೋದೂ ಗೊತ್ತದ. ಅದನ್ನ ಹೇಳ್ರಿ ಮೈಕಿನ್ಯಾಗ."

ಅವನು ನಕ್ಕ. "ಹಳೇ ಮಾತು, ಬಿಡವ್ವ." ಸುತ್ತಲಿದ್ದವರೂ ನಕ್ಕರು. ನನ್ನ ಧ್ವನಿ ಅಲ್ಲಿಗೇ ನಿಂತಿತು. ಜೋರು ಎಂದು ಗದರುವವಳು ಈಗ ಇಲ್ಲ...

ಅವಳನ್ನು ಮಣ್ಣು ಮಾಡಿದ್ದು ಸಾಲದೆ, ಅವಳ ಸಿಟ್ಟನ್ನೂ ಮಣ್ಣು ಮಾಡಿದರು. ಆ ಸಿಟ್ಟಿನಿಂದಲೇ ನಿಮ್ಮ ಅವ್ವ ಮಂದಿಯ ನಡುವೆ ಬೆಳೆದಳು. ನನಗೆ ಮೈಕು ಕೊಡುವವರಿಲ್ಲ, ಈ ಹಾಳೆಗಳಿವೆ. ಮಡಿಸಿ, ನೀರು ತಾಗದ ಜಾಗದಲ್ಲಿ ಇಡಿ. ಯಾರಾದರೂ ಮತ್ತೆ ಅವಳನ್ನು ಸೌಮ್ಯಳು ಅಂದರೆ ಹೊರಗೆ ತೆಗೆದು ಓದಿ. ಜೋರಾಗಿ ಓದಿ.