ಹಾಡಿನ ಅಳತೆಯ ನೀರು

ಬೆಳಗಿನ ಐದು ಗಂಟೆ. ದೇವಸಮುದ್ರದ ಕಡೆಗೆ ಹೋಗುವ ದಾರಿಯ ಹಟ್ಟಿಯೊಂದರಲ್ಲಿ ಯರ್ರಮ್ಮ ಕಲ್ಲುಚಪ್ಪಡಿ ಸರಿಸಿ, ಗುಂಡಿಗೆ ಬಗ್ಗಿ, ವಾಲ್ವ್ ತಿರುಗಿಸುತ್ತಾರೆ. ಕೆಳಗಿನ ಬೀದಿಯ ನಲ್ಲಿಗಳು ಮೊದಲು ಗಾಳಿ ಉಗುಳುತ್ತವೆ, ಆಮೇಲೆ ನೀರು. ಅವರು ಚಪ್ಪಡಿಯ ಮೇಲೆ ಕುಳಿತು ಅರಿಶಿಣದ ಹಾಡು ಹಾಡುತ್ತಾರೆ. ಅದು ಮುಗಿದಾಗ ವಾಲ್ವ್ ಮುಚ್ಚಿ ಮುಂದಿನ ಬೀದಿಗೆ ನಡೆಯುತ್ತಾರೆ.

ಯರ್ರಮ್ಮನಿಗೆ ನಲವತ್ತಾರು ವರ್ಷ. ಪಂಚಾಯಿತಿಯ ನೀರು ಬಿಡುವ ಕೆಲಸ. ಆರು ವಾಲ್ವ್, ನೂರೆಂಬತ್ತು ಮನೆ. ಕೈಗಡಿಯಾರ ಇಲ್ಲ, ಒದ್ದೆಯಾಗುತ್ತದೆಂದು ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಬೀದಿಗೊಂದು ಸೋಬಾನೆ ಹಾಡೇ ಅಳತೆ. ಕೆಳಗಿನ ಬೀದಿಗೆ ಅರಿಶಿಣದ ಹಾಡಿನ ಹದಿನಾರು ನುಡಿ. ನೀರು ಏರಬೇಕಾದ ಗುಡ್ಡದ ಬೀದಿಗೆ ಮದುಮಗಳನ್ನು ಹಸೆಗೆ ಕರೆಯುವ ಹಾಡು, ಇಪ್ಪತ್ತೆಂಟು ನುಡಿ. ಸೋಬಾನೆಯಲ್ಲಿ ಇಬ್ಬರು ಹೇಳಬೇಕು, ಉಳಿದವರು ಹಿಂದೆ ಎತ್ತಿಕೊಳ್ಳಬೇಕು. ಇಲ್ಲಿ ಎರಡೂ ಅವರದೇ ದನಿ.

ಈ ಲೆಕ್ಕ ಜನರಿಗೂ ಬಾಯಿಪಾಠ. ಬಿಂದಿಗೆ ಹಿಡಿದು ನಿಂತ ಗೀತಮ್ಮ ದೂರುತ್ತಾರೆ: “ನಮ್ ಬೀದಿ ಹಾಡಿನಾಗೆ ಎಲ್ಡು ನುಡಿ ನುಂಗಿದ್ಯಲ್ಲೇ ಯರ್ರಮ್ಮ. ನೋಡು, ಅರ್ಧ ಬಿಂದಿಗೆ.” ಯರ್ರಮ್ಮ ನಗುತ್ತಾ ವಾಲ್ವ್ ಮತ್ತೆ ತೆರೆದು ಆ ಎರಡು ನುಡಿ ಹೇಳಿ ಮುಚ್ಚುತ್ತಾರೆ.

ಹಾಡು ಕಲಿತದ್ದು ಅವ್ವನಿಂದ. ಹನ್ನೆರಡನೇ ವಯಸ್ಸಿಗೇ ಮದುವೆಯ ಚಪ್ಪರದಲ್ಲಿ ಹಾಡಲು ಕುಳಿತವರು ಯರ್ರಮ್ಮ. ಪರಶುರಾಂಪುರದಿಂದ ಬಿ.ಜಿ. ಕೆರೆಯವರೆಗೆ ಕರೆ ಬರುತ್ತಿತ್ತು. ಒಂಬತ್ತು ವರ್ಷದ ಹಿಂದೆ, ಇದೇ ಕೆಲಸದಲ್ಲಿದ್ದ ಗಂಡ ಜಂಪಣ್ಣ ಮೋಟಾರು ಹಾಕಲು ಹೋಗಿ ಕರೆಂಟ್ ಹೊಡೆದು ತೀರಿಕೊಂಡರು. ಕೆಲಸ ಹೆಂಡತಿಗೆ ಬಂತು. ಸೋಬಾನೆ ಮುತ್ತೈದೆಯರದು. ಯಾರೂ ಬರಬೇಡ ಅನ್ನಲಿಲ್ಲ. ಕರೆಯಲು ಬರುವುದನ್ನು ನಿಲ್ಲಿಸಿದರು.

“ಹಾಡು ಮರ್ತೋಗ್ತಾವೆ ಅಂತ ನೀರಿನ ಮುಂದೆ ಹೇಳ್ಕಂತ ಕೂತೆ. ಅದೇ ಅಳತೆ ಆತು” ಎನ್ನುತ್ತಾರೆ.

ಕಳೆದ ತಿಂಗಳು ಗುಡ್ಡದ ಬೀದಿಯ ಕಾಟಮ್ಮನವರ ಮೊಮ್ಮಗಳು ನಿರ್ಮಲಾಳ ಮದುವೆ. ಹಸೆಗೆ ಕರೆಯುವ ಹಾಡು ಪೂರ್ತಿ ಬಲ್ಲವರು ಊರಲ್ಲಿ ಬೇರಾರೂ ಉಳಿದಿಲ್ಲ. ನಿರ್ಮಲಾಗೆ ಅದೇ ಬೇಕು. ದಿನವೂ ನೀರು ಹಿಡಿಯುತ್ತಾ ಕೇಳಿ ಬೆಳೆದವಳು. ಕಾಟಮ್ಮ ಒಂದು ಉಪಾಯ ಹೇಳಿ ಕಳಿಸಿದರು: ಹಸೆಯ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಗೆ ನೀರು ಬಿಡಲಿ, ವಾಲ್ವಿನ ಹತ್ತಿರದ ಹಾಡು ಚಪ್ಪರಕ್ಕೆ ಕೇಳುತ್ತದೆ, ಒಳಗೆ ಬರುವುದೇನೂ ಬೇಡ.

ಯರ್ರಮ್ಮ ಹೇಳಿದ ಹೊತ್ತಿಗೆ ನೀರು ಬಿಟ್ಟರು. ಹಾಡಲಿಲ್ಲ.

ಹಾಡಿಲ್ಲದೆ ಎಷ್ಟು ಹೊತ್ತಾಯಿತೆಂದು ಅವರಿಗೆ ತಿಳಿಯಲಿಲ್ಲ. ಡ್ರಮ್ಮು, ತೊಟ್ಟಿ ತುಂಬಿ ನೀರು ಚಪ್ಪರಕ್ಕೆ ನುಗ್ಗಿ ರಂಗೋಲಿ ಅಳಿಸಿತು. ಚಾಪೆಯಲ್ಲಿದ್ದ ಹೆಂಗಸರು ಎದ್ದು ನಿಂತರು. ಕಾಟಮ್ಮ ನೆರಿಗೆ ಎತ್ತಿಹಿಡಿದು ಬೈಯುತ್ತಲೇ ಬಂದರು.

“ನೀರು ಹರ್ದು ಹೋಗ್ತೈತೆ. ಬಾಯಿಗೇನಾಗಿತ್ತೇ ನಿಂಗೆ?”

“ಹಾಡು ಒಳಗೆ ಬೇಕು, ಹಾಡೋಳು ಹೊರಗಿರ್ಬೇಕು ಅಂದ್ರೆ ಹೆಂಗೆ ಕಾಟಮ್ಮತ್ತೆ?”

ಕಾಟಮ್ಮ ಎತ್ತಿಹಿಡಿದ ನೆರಿಗೆಯನ್ನು ನೀರಿಗೇ ಬಿಟ್ಟರಂತೆ. ಆಮೇಲೆ ಮನೆಮಾತಾದ ತೆಲುಗಿನಲ್ಲಿ, ಒಳಗೆ ಬಾ ಎಂದರು: “ಲೋಪಲಿಕಿ ರಾ.”

ಯರ್ರಮ್ಮ ವಾಲ್ವ್ ಮುಚ್ಚಿ, ಕಾಲು ತೊಳೆದು ಒಳಗೆ ಹೋದರು. ಮೂವರು ಹೆಂಗಸರು ಹೊರಟುಹೋದರು. ನಾಲ್ವರು ಉಳಿದು ಹಿಂದೆ ಎತ್ತಿಕೊಂಡರು. ಒಂಬತ್ತು ವರ್ಷದ ಮೇಲೆ ಅವರ ಹಾಡಿಗೆ ಇನ್ನೊಬ್ಬರ ದನಿ ಸೇರಿತು. ನಿರ್ಮಲಾ ಇಪ್ಪತ್ತೆಂಟನೆಯ ನುಡಿ ಮುಗಿಯುವವರೆಗೂ ಹಸೆಗೆ ಕೂರಲಿಲ್ಲ.

ಆಮೇಲೆ ಊರಲ್ಲಿ ಎರಡು ಮದುವೆಗಳಾದವು. ಕರೆ ಬರಲಿಲ್ಲ. ಮುಂದಿನ ವಾರ ಇನ್ನೊಂದಿದೆ. ಯರ್ರಮ್ಮ ಆ ಮನೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಕೇಳಿಕೊಂಡಂತಾಗುತ್ತದೆ ಎನ್ನುತ್ತಾರೆ. ಹಾಡಿದವರಿಗೆ ಕೊಡುವ ಸೀರೆ, ಕುಪ್ಪಸ ಏನೂ ಬೇಕಿಲ್ಲ ಅವರಿಗೆ.

“ಒಂದ್ ಮನೆಯೋರು ಕರೆದ್ರೆ, ಪಾಪ ಅಂತ ಕರೆದ್ರು ಅಂತಾರೆ” ಎಂದು ಕೊನೆಯ ಚಪ್ಪಡಿ ಎಳೆಯುತ್ತಾ ಹೇಳುತ್ತಾರೆ. “ಎಲ್ಡನೇ ಮನೆಯೋರು ಕರೀಬೇಕು ನೋಡ್ರಿ. ಆಗ ಅದು ಪದ್ಧತಿ ಆಗ್ತೈತೆ.”