ಬಿಡಿಸದೆ ಉಳಿದ ಆಣೆ

ನಾನು ಯಾವ ಪಕ್ಷಕ್ಕೆ ಹೋದರೂ ಅದು ವಿರೋಧ ಪಕ್ಷವಾಗುತ್ತದೆ ಎಂದು ಚಿಕ್ಕೋಡಿಯ ಚಹಾದಂಗಡಿಗಳಲ್ಲಿ ನಗುತ್ತಾರೆ. ನಗಲಿ. ವಿಧಾನಸಭೆಗೆ ನಾಲ್ಕು ಸಲ ನಿಂತೆ, ನಾಲ್ಕೂ ಸಲ ಬಿದ್ದೆ. ರಸ್ತೆ ತಡೆದೆ, ಕಚೇರಿಗಳ ಮುಂದೆ ಕೂತೆ, ಕನ್ನಡದಲ್ಲಿ ಶುರು ಮಾಡಿದ ಭಾಷಣವನ್ನು ಮರಾಠಿಯಲ್ಲಿ ಮುಗಿಸಿದೆ. ಸೋಲು ನನ್ನನ್ನು ಕಾಡಿದ್ದಿಲ್ಲ. ಕಾಡುತ್ತಿರುವುದು ಒಬ್ಬ ಮುದುಕಿ.

ರಾಯಬಾಗ ತಾಲೂಕಿನ ಒಂದು ಹಳ್ಳಿಯವಳು. ಮೊದಲ ಮೂರು ಸಲವೂ ನನಗೇ ವೋಟು ಹಾಕಿದವಳು, ಓಣಿಯ ಹೆಂಗಸರನ್ನೂ ಬೂತಿಗೆ ಎಬ್ಬಿಸಿಕೊಂಡು ಹೋದವಳು. ನಾಲ್ಕನೆಯ ಸಲ ಪಕ್ಷ ನನಗೆ ಟಿಕೆಟ್ ಕೊಡಲಿಲ್ಲ. ಸಿಟ್ಟು ನೆತ್ತಿಗೇರಿತು. ಬೇರೆ ಪಕ್ಷ ಸೇರಿ, ಬೇರೆ ಗುರುತಿನ ಮೇಲೆ ನಿಂತೆ. ಜನ ಜೊತೆಗೆ ಬರುತ್ತಾರೋ ಇಲ್ಲವೋ ಎಂದು ಒಳಗೊಳಗೇ ಪುಕುಪುಕು. ಅದಕ್ಕೆ ನಮ್ಮ ಕಡೆ ಒಂದು ರೂಢಿಯಿದೆ: ತಟ್ಟೆಯಲ್ಲಿ ದೇವರ ಭಂಡಾರ, ಅಂದರೆ ಅರಿಶಿನಪುಡಿ, ಹಿಡಿದು ಮುಟ್ಟಿಸಿ ಆಣೆ ಮಾಡಿಸಿಕೊಳ್ಳುವುದು. ಮಾಡಿಸಿಕೊಂಡವನೇ ಆಣೆ ಮಾಡಿದವರ ಹಣೆಗೆ ಭಂಡಾರ ಹಚ್ಚಿ ‘ಬಿಟ್ಟೇನಿ’ ಅನ್ನುವವರೆಗೆ ಆಣೆ ಬಿಡುವುದಿಲ್ಲ ಎಂಬುದು ಹಿರಿಯರ ನಂಬಿಕೆ.

ಓಣಿಯವರೆಲ್ಲ ಮುಟ್ಟಿದರು. ಅವಳನ್ನು ಬಿಡಬಹುದಿತ್ತು. ಬಿಡಲಿಲ್ಲ, ತಟ್ಟೆ ಹಿಡಿದವನು ನಾನೇ.

“ನನಗೂ ಆಣಿ ಬೇಕೇನೋ ಯಪ್ಪಾ?” ಎಂದು ನಕ್ಕಳು. ನಾನು ತಟ್ಟೆ ಹಿಂದಕ್ಕೆ ತೆಗೆಯಲಿಲ್ಲ. ಆಗ ಭಂಡಾರದ ಮೇಲೆ ಅಂಗೈ ಇಟ್ಟು, “ನನ್ನ ಮಗನ ಆಣಿ, ನಿನಗ ಒತ್ತತೇನಿ” ಅಂದಳು.

ಒಬ್ಬನೇ ಮಗ. ಎರಡು ಟ್ರಾಲಿ ಕಟ್ಟಿಕೊಂಡು ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು.

ಮತದಾನದ ದಿನ ಅವಳು ಹಳೇ ಗುರುತನ್ನೇ ಒತ್ತಿ ಬಂದಳು. ಯಂತ್ರದ ಮೇಲೆ ನನ್ನ ಫೋಟೊ ಇತ್ತು ನಿಜ, ಪೊರೆ ಬಂದ ಕಣ್ಣಿಗೆ ಉಗುರಿನಷ್ಟು ಫೋಟೊ ಏನು ಕಂಡೀತು. ಮೂರು ಚುನಾವಣೆ ಆ ಗುರುತನ್ನೇ ಅವಳಿಗೆ ಉಪದೇಶ ಮಾಡಿದವನು ನಾನು. ಹೊರಗೆ ಬಂದು ಖುಷಿಯಿಂದ ಹೇಳಿದ್ದಾಳೆ. ನಮ್ಮ ಕಾರ್ಯಕರ್ತರು, “ಅದು ಈಗ ಎದುರಿನವರ ಗುರ್ತ ಬೇ ಆಯಿ” ಅಂದರಂತೆ. ಶಾಲೆಯ ಗೋಡೆಗೆ ಒರಗಿ ಕೂತುಬಿಟ್ಟಳಂತೆ.

ಸೋತ ಮರುದಿನ ಬೆಳಿಗ್ಗೆ ಬಸ್ ಹಿಡಿದು ಚಿಕ್ಕೋಡಿಗೆ, ನಮ್ಮ ಮನೆಗೆ ಬಂದಳು. ಕಾಗದದ ಪುಡಿಕೆಯಲ್ಲಿ ಭಂಡಾರ ಕಟ್ಟಿಕೊಂಡು ಬಂದಿದ್ದಳು.

“ಕೈ ತಪ್ಪಿತೋ ಯಪ್ಪಾ. ಕೈಗೆ ಹಳೇ ಗುರ್ತಿನ ರೂಢಿ. ಬಿಟ್ಟೇನಿ ಅಂದ್ಬಿಡು. ಮಗ ದಿನಾ ರಸ್ತಾದಾಗ ಇರ್ತಾನ.”

ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವಳ ಬೂತಿನಲ್ಲೂ ನಾನು ಹಿಂದೆ ಬಿದ್ದಿದ್ದೆ.

“ಎಲ್ಲಾರದೂ ಕೈ ತಪ್ಪೇತಿ,” ಅಂದೆ. “ದೇವರಿಗೆ ಹೋಗಿ ಕೇಳ, ನನಗ್ಯಾಕ ಕೇಳ್ತಿ?”

ಬಾಗಿಲು ಹಾಕಿಕೊಂಡೆ. ಅವಳು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು, ಕಿಟಕಿಯಿಂದ ನೋಡಿದೆ. ಎರಡು ಬೆರಳಿನ ಕೆಲಸ, ಒಂದು ಮಾತು. ಹೋಗಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು.

ಆಮೇಲೆ ಮರೆತೆ. ಸುಳ್ಳೇಕೆ ಹೇಳಲಿ, ಪೂರ್ತಿ ಮರೆತೆ. ಹೊಸ ಪಕ್ಷದವರು ನನ್ನನ್ನು ಸಭೆಗೂ ಕರೆಯದಾದರು, ಹಳೇ ಪಕ್ಷದವರು ಮನೆಗೆ ಬಂದು ಪುಸಲಾಯಿಸಿದರು. ಹಾರ ಹಾಕಿಸಿಕೊಂಡು ವಾಪಸು ಹೋದೆ. ಅಷ್ಟರಲ್ಲಿ ಅವರ ಅಧಿಕಾರವೂ ಹೋಗಿತ್ತು.

ಆ ಹಳ್ಳಿಗೆ ಮತ್ತೆ ಹೋದಾಗ ಅವಳು ತೀರಿಕೊಂಡು ತಿಂಗಳಾಗಿತ್ತು. ಮಗ ಚಾಪೆ ಹಾಸಿ ಕೂರಿಸಿದ. ಗಟ್ಟಿಮುಟ್ಟಾಗಿದ್ದ, ಏನೂ ಆಗಿರಲಿಲ್ಲ. ಕಬ್ಬಿನ ಹಂಗಾಮು ಇರುವಷ್ಟು ದಿನವೂ ಅವ್ವ ಮಗನ ಟ್ರ್ಯಾಕ್ಟರ್ ಬರುವವರೆಗೆ ರಸ್ತೆಗೆ ಬಂದು ನಿಲ್ಲುತ್ತಿದ್ದಳು ಎಂದ. ಜ್ವರ ಬಂದಾಗಲೂ ನಿಂತಳಂತೆ. “ಒಳಗ ಹೋಗಬೇ ಅಂತ ಬೈತಿದ್ನಿರಿ. ಕೇಳ್ತಿದ್ದಿಲ್ಲ.”

ಈಗಲೂ ಅಥಣಿ, ಕಾಗವಾಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ರಸ್ತೆಯ ಬದಿ ನೋಡುತ್ತೇನೆ. ಎಷ್ಟೋ ಸಲ ಕಂಡಿದ್ದಾಳೆ. ಹತ್ತಿರ ಹೋದರೆ ಇನ್ನಾರೋ ಇರುತ್ತಾರೆ. ಪ್ರಚಾರಕ್ಕೆ ಹೋದಲ್ಲಿ ಭಂಡಾರದ ತಟ್ಟೆ ತಂದರೆ ಹಿಂದಕ್ಕೆ ಕಳಿಸುತ್ತೇನೆ.

ಆ ದಿನ ನಾನು ಚಾಪೆ ಬಿಟ್ಟು ಏಳುವ ಮುಂಚೆ ಮಗ ಕೇಳಿದ. ದನಿಯಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ.

“ಸಾಹೇಬ್ರ, ನೀವು ಮತ್ತ ಹಳೇ ಗುರ್ತಿಗೇ ಬಂದೀರಂತ. ಅವ್ವ ಒತ್ತಿದ್ದು ಅದನ್ನ ಅಲ್ರಿ? ಹಂಗಾರ ಆಕಿದೇನೂ ತಪ್ಪಿಲ್ಲಲ್ರಿ?”

“ಇಲ್ಲಪಾ,” ಅಂದೆ.



“ಅದನ್ನ ಆಕಿಗೆ ಹೇಳಬೇಕಿತ್ರಿ,” ಅಂದ.